ಹಿಡಿಯುತ್ತಿದೆ ಎಂದ ಮಾತು

ಜೈಲು, ಹಾಸನ
12 ಜನವರಿ 2025

ಶಂಕ್ರಣ್ಣನಿಗೆ ಧರ್ಮೇಂದ್ರನ ನಮಸ್ಕಾರ.

ಇಲ್ಲಿಂದ ಫೋನ್ ಮಾಡಿದರೆ ನೀನು ಎತ್ತುವುದಿಲ್ಲ ಎಂದು ಗೊತ್ತು. ಮನೆಯ ವಿಳಾಸಕ್ಕೆ ಬರೆದರೆ ರೇವಮ್ಮ ಅತ್ತಿಗೆಯ ಕೈಗೆ ಸಿಗುತ್ತದೆ. ಅದಕ್ಕೇ ಗ್ಯಾರೇಜಿನ ವಿಳಾಸ ಹಾಕಿದ್ದೇನೆ. ಹರಿದು ಎಸೆಯುವುದಾದರೂ ಓದಿ ಎಸೆ.

ತೀರ್ಪು ಬಂದು ಎರಡು ತಿಂಗಳಾಯಿತು. ಎರಡು ವರ್ಷ ಎಂದರು. ಅಪೀಲು ಹಾಕೋಣ ಎಂದು ವಕೀಲರು ಹೇಳಿದರು, ನಾನೇ ಬೇಡ ಎಂದೆ. ನಿನ್ನ ಮಗಳು ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದ ಹಾಗೇ ಹೋದಳು. ನಿಧಿ ಹುಟ್ಟಿದಾಗ ಅವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದವನು ನಾನು. ಪರೀಕ್ಷೆ ಬರೆಯಲು ಹಾಸನಕ್ಕೆ ಕರೆದುಕೊಂಡು ಹೊರಟವನೂ ನಾನೇ. ಅದಕ್ಕೆ ಎಷ್ಟು ವರ್ಷ ಕೊಟ್ಟರೂ ನಾನು ಎದುರು ಮಾತಾಡುವವನಲ್ಲ.

ಆದರೆ ಕೋರ್ಟಿನಲ್ಲಿ ಅವರು ಹೇಳಿದ್ದು ಬೇರೆ. ನಾನು ಫೋನ್ ನೋಡುತ್ತಿದ್ದೆನಂತೆ, ಬ್ರೇಕ್ ಒತ್ತಲೇ ಇಲ್ಲವಂತೆ. ರಸ್ತೆಯ ಮೇಲೆ ಟೈರು ಉಜ್ಜಿದ ಗುರುತಿರಲಿಲ್ಲ. ಕಾರಿನ ಎಡಗಡೆಯ ಮೇಲ್ಭಾಗ ಮಾತ್ರ ನಿಂತಿದ್ದ ಜಲ್ಲಿ ಲಾರಿಯ ಅಡಿಗೆ ಸಿಕ್ಕಿತ್ತು, ಚಕ್ರ ನಾಲ್ಕೂ ನೆಟ್ಟಗಿದ್ದವು. ಮೂರು ದಿನ ಕಳೆದ ಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಪೆಡಲ್ ತುಳಿದು ನೋಡಿ, ಬ್ರೇಕು ಸರಿಯಾಗಿದೆ ಎಂದು ಬರೆದುಕೊಟ್ಟರು. ಆಮೇಲೆ ನೀನು ಕಟಕಟೆ ಹತ್ತಿ, ನಾನೇ ಹೊಸ ಪ್ಯಾಡ್ ಹಾಕಿದ್ದೆ, ಗಾಡಿಗೆ ಏನೂ ಆಗಿರಲಿಲ್ಲ ಎಂದೆ.

ನೀನು ಸುಳ್ಳು ಹೇಳಿದೆ ಎನ್ನುತ್ತಿಲ್ಲ. ಆದರೂ ಅಣ್ಣ, ನಾನು ಬ್ರೇಕ್ ಒತ್ತಿದೆ. ಪೆಡಲ್ ನೆಲಕ್ಕೆ ಹೋಯಿತು. ಇದೊಂದನ್ನು ನೀನು ನಂಬಬೇಕು. ಬೇರೆ ಯಾರೂ ನಂಬದಿದ್ದರೂ ನನಗೆ ಬೇಕಾಗಿಲ್ಲ.

ನಿನ್ನ
ಧರ್ಮೇಂದ್ರ


ಗ್ಯಾರೇಜು, ಅರಕಲಗೂಡು
3 ಫೆಬ್ರವರಿ 2025

ಧರ್ಮೇಂದ್ರ,

ಓದಿದೆ. ಮೂವತ್ತು ವರ್ಷದಿಂದ ಗಾಡಿ ಬಿಚ್ಚುತ್ತಿದ್ದೇನೆ. ಎಲ್ಲಾದರೂ ಹೋಗಿ ಗುದ್ದಿಕೊಂಡು ಬಂದವರೆಲ್ಲ ಹಾಡುವುದು ಇದೇ ಹಾಡು: "ಬ್ರೇಕ್ ಪೇಲಾಗೋಯ್ತು ಸಾ." ಬಿಚ್ಚಿ ನೋಡಿದರೆ ಬ್ರೇಕು ಚೆನ್ನಾಗಿಯೇ ಇರುತ್ತದೆ, ಒತ್ತಬೇಕಾದ ಕಾಲು ಮಾತ್ರ ಇನ್ನೆಲ್ಲೋ ಇರುತ್ತದೆ. ಕೆಟ್ಟ ಬ್ರೇಕು ಮೂರು ದಿನ ಸ್ಟೇಷನ್ ಮುಂದೆ ನಿಂತು ತಾನಾಗಿ ವಾಸಿಯಾಗಲು ಅದಕ್ಕೇನು ನೆಗಡಿ ಬಂದಿತ್ತೇ?

ರೇವಮ್ಮ ಇನ್ನೂ ನಿಧಿಯ ಮೊಬೈಲಿಗೆ ತಪ್ಪದೆ ರೀಚಾರ್ಜ್ ಮಾಡಿಸುತ್ತಾಳೆ. ಆ ನಂಬರು ಬೇರೆ ಯಾರಿಗೂ ಹೋಗಬಾರದಂತೆ. ನಮ್ಮ ಮನೆ ಹೀಗಿದೆ. ಇನ್ನು ಬರೆಯಬೇಡ.

ಗೌರೀಶಂಕರ


ಜೈಲು, ಹಾಸನ
16 ಫೆಬ್ರವರಿ 2025

ಶಂಕ್ರಣ್ಣ,

ಬರೆಯಬೇಡ ಎನ್ನುವುದಕ್ಕಾದರೂ ಬರೆದೆಯಲ್ಲ. ನೆಗಡಿಯ ಮಾತು ಓದಿ ನಗು ಬಂತು. ನಿನ್ನ ಬೈಗುಳ ಕೇಳಿ ಮೂರು ವರ್ಷವಾಗಿತ್ತು. ಆಮೇಲೆ, ನಗು ಹೇಗೆ ಬಂತು ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ಗಾಡಿ ಬಂದ ತಕ್ಷಣ ಬಾನೆಟ್ ಎತ್ತುವವನಲ್ಲ ನೀನು. ಮೊದಲು ಓಡಿಸಿದವನನ್ನು ಬೆಂಚಿನ ಮೇಲೆ ಕೂರಿಸಿ ವಿಚಾರಿಸುತ್ತಿದ್ದೆ. ಕೊಣನೂರಿನ ಬೋರಪ್ಪನ ಜೀಪು ನೆನಪಿದೆಯಾ? ಎಲ್ಲ ಕಡೆ ಎಂಜಿನ್ ಇಳಿಸಬೇಕು ಎಂದು ಹೆದರಿಸಿ ಕಳಿಸಿದ್ದರು. ನೀನು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿ, ಒಂದು ಬೋಲ್ಟು ಬಿಗಿ ಮಾಡಿ, "ಓಗ್ ಬೋರಪ್ಪ, ಮಜ್ಜಿಗೆ ಕುಡ್ದು ಮಲ್ಕೊ" ಎಂದೆ.

ನನ್ನನ್ನೂ ಒಂದು ಸಲ ಹಾಗೆ ಬೆಂಚಿನ ಮೇಲೆ ಕೂರಿಸು. ಸುಳ್ಳು ಹೇಳುತ್ತಿದ್ದರೆ ಮೂರನೇ ಪ್ರಶ್ನೆಗೆ ಸಿಕ್ಕಿಬೀಳುತ್ತೇನೆ. ಸಿಕ್ಕಿಬಿದ್ದರೆ ಆಮೇಲೆ ಬರೆಯುವುದಿಲ್ಲ.

ಧರ್ಮೇಂದ್ರ


ಅರಕಲಗೂಡು
9 ಮಾರ್ಚ್ 2025

ಧರ್ಮೇಂದ್ರ,

ನೀನು ಸಿಕ್ಕಿಬೀಳಲಿ ಎಂದೇ ಕೇಳುತ್ತಿದ್ದೇನೆ, ತಿಳಿದುಕೋ.

ಒತ್ತಿದಾಗ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತೋ, ಮೆತ್ತಗೆ ಹೋಯಿತೋ? ಮೆತ್ತಗೆ ಹೋಗಿದ್ದರೆ ನಿಧಾನಕ್ಕೆ ಇಳಿಯಿತೋ, ಒಂದೇ ಸಲಕ್ಕೆ ನೆಲ ಮುಟ್ಟಿತೋ? ಮತ್ತೆ ತುಳಿದಾಗ ಸ್ವಲ್ಪವಾದರೂ ಸಿಕ್ಕಿತೋ ಇಲ್ಲವೋ? ಬೆಳಿಗ್ಗೆ ಕೊಣನೂರಿನಲ್ಲಿ ಗಾಡಿ ತೆಗೆದಾಗ ಹೇಗಿತ್ತು, ನನ್ನ ಮನೆ ಮುಂದೆ ನಿಲ್ಲಿಸಿದಾಗ ಹೇಗಿತ್ತು? ಹ್ಯಾಂಡ್ ಬ್ರೇಕ್ ಎಳೆದೆಯಾ? ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು. ನನ್ನನ್ನು ಮೆಚ್ಚಿಸಲು ಉತ್ತರ ಕಟ್ಟಬೇಡ.

ಗೌರೀಶಂಕರ


ಜೈಲು, ಹಾಸನ
23 ಮಾರ್ಚ್ 2025

ಶಂಕ್ರಣ್ಣ,

ಗಟ್ಟಿ ಇರಲಿಲ್ಲ, ಮೆತ್ತಗಿತ್ತು. ನಿಧಾನಕ್ಕಲ್ಲ, ಒಂದೇ ಸಲಕ್ಕೆ ಹೋಯಿತು. ಕಾಲ ಕೆಳಗೆ ಏನೂ ಇಲ್ಲವೇನೋ ಅನ್ನಿಸಿತು. ಎರಡನೇ ಸಲ ಒಂದಿಷ್ಟು ಸಿಕ್ಕಿತು, ಸಾಲಲಿಲ್ಲ. ಮೂರನೇ ಸಲ ಒತ್ತುವಷ್ಟರಲ್ಲಿ ಲಾರಿ ಬಂದೇಬಿಟ್ಟಿತ್ತು. ಹ್ಯಾಂಡ್ ಬ್ರೇಕ್ ಎಳೆಯಲಿಲ್ಲ, ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಬಾಡಿಗೆ ಗಾಡಿ ಓಡಿಸಿದವನಿಗೆ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ. ಯಾರೂ ಕೇಳದಿದ್ದರೂ ದಿನಾ ಇದನ್ನು ನಾನೇ ನನಗೆ ಕೇಳಿಕೊಳ್ಳುತ್ತೇನೆ.

ಬೆಳಿಗ್ಗೆ ಕೊಣನೂರಿನಲ್ಲಿ ಪೆಡಲ್ ಚೆನ್ನಾಗಿತ್ತು. ನಿನ್ನ ಮನೆ ಮುಂದೆಯೂ ಚೆನ್ನಾಗಿತ್ತು. ನಿಧಿ ನೋಟ್ಸ್ ಹಿಡಿದುಕೊಂಡೇ ಓಡಿಬಂದಳು, ಬಸ್ಸು ತಪ್ಪಿತ್ತಲ್ಲ. "ಚಿಕ್ಕಪ್ಪ, ಬೇಗ ನಡಿ. ಆದ್ರೆ ಮಾತಾಡ್ಸ್‌ಬೇಡ, ಓದ್ಕಬೇಕು" ಎಂದಳು. ನಾನು ವಟವಟ ಎನ್ನುವವನು ಎಂದು ಅವಳಿಗೆ ಗೊತ್ತಲ್ಲ. ಬಾಯಿ ಮುಚ್ಚಿಕೊಂಡು ಓಡಿಸಿದೆ. ಒಂದು ದಿನವಾದರೂ ಅವಳ ಮಾತು ಕೇಳದೆ ವಟಗುಟ್ಟಬೇಕಿತ್ತು ಎಂದು ಈಗ ಹೊಟ್ಟೆ ಉರಿಯುತ್ತದೆ.

ಧರ್ಮೇಂದ್ರ


ಅರಕಲಗೂಡು
6 ಏಪ್ರಿಲ್ 2025

ಧರ್ಮೇಂದ್ರ,

ನಿನ್ನ ಉತ್ತರ ಓದಿದ ಮೇಲೆ ನಾಲ್ಕು ದಿನ ಊಟ ರುಚಿಸಲಿಲ್ಲ. ಸುಳ್ಳು ಹೇಳುವವನಿಗೆ ಇಷ್ಟು ಸರಿಯಾಗಿ ಹೇಳಲು ಬರುವುದಿಲ್ಲ.

ಪೆಡಲ್ ಗಟ್ಟಿಯಾಗಿದ್ದರೆ ಬೂಸ್ಟರ್ ಕೆಟ್ಟಿದೆ ಎನ್ನುತ್ತಿದ್ದೆ. ನಿಧಾನಕ್ಕೆ ಇಳಿದಿದ್ದರೆ ಮಾಸ್ಟರ್ ಸಿಲಿಂಡರ್ ಎನ್ನುತ್ತಿದ್ದೆ. ಆಯಿಲ್ ಎಲ್ಲಾದರೂ ಸೋರಿದ್ದರೆ ಡಬ್ಬಿಯಲ್ಲಿ ಕಡಿಮೆಯಾಗಬೇಕಿತ್ತು, ಇನ್ಸ್‌ಪೆಕ್ಟರ್ ನೋಡಿದಾಗ ತುಂಬಿತ್ತು. ಪೈಪಿನಲ್ಲಿ ಗಾಳಿ ಸೇರಿದ್ದರೆ ಬೆಳಿಗ್ಗೆ ಕೊಣನೂರಿನಲ್ಲೇ ಪೆಡಲ್ ಮೆತ್ತಗಿರುತ್ತಿತ್ತು. ಇಷ್ಟನ್ನೂ ತೆಗೆದರೆ ಉಳಿಯುವುದು ಬಿಸಿ ಒಂದೇ. ಬ್ರೇಕ್ ಆಯಿಲ್ ಕಾದು ಕುದ್ದರೆ ಒಳಗೆ ಆವಿ ತುಂಬುತ್ತದೆ. ಆಮೇಲೆ ಎಷ್ಟು ತುಳಿದರೂ ತುಳಿದದ್ದೆಲ್ಲ ಆ ಆವಿಗೇ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ಗಾಡಿ ತಣ್ಣಗಾದರೆ ಆವಿ ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ಮೊದಲಿನ ಹಾಗೇ ಗಟ್ಟಿಯಾಗುತ್ತದೆ. ಮೂರು ದಿನ ಬಿಟ್ಟು ತುಳಿದವರಿಗೆ ಸರಿಯಾಗಿ ಕಂಡದ್ದು ಅವರ ತಪ್ಪಲ್ಲ. ನಾನು ಗೇಲಿ ಮಾಡಿದ್ದು ತಪ್ಪು.

ಆದರೆ ನಮ್ಮೂರಿಂದ ಹಾಸನಕ್ಕೆ ಘಾಟಿ ಇಲ್ಲ. ಅಷ್ಟು ಬಿಸಿ ಎಲ್ಲಿಂದ ಬಂತು? ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸಿದೆಯಾ? ಹಾಗಿದ್ದರೆ ತಪ್ಪು ನಿನ್ನದೇ. ದಾರಿಯಲ್ಲಿ ಸುಟ್ಟ ವಾಸನೆ ಬಂತಾ? ಗಾಡಿ ಒಂದು ಕಡೆಗೆ ಎಳೆಯುತ್ತಿತ್ತಾ? ಯೋಚಿಸಿ ಬರೆ.

ಗೌರೀಶಂಕರ


ಜೈಲು, ಹಾಸನ
20 ಏಪ್ರಿಲ್ 2025

ಶಂಕ್ರಣ್ಣ,

ಪೆಡಲ್ ಮೇಲೆ ಕಾಲಿಟ್ಟುಕೊಳ್ಳುವ ಚಾಳಿ ನನಗಿಲ್ಲ. ಡ್ರೈವಿಂಗ್ ಕಲಿಸಿದವನು ನೀನು. ಇಟ್ಟಿದ್ದರೆ ಆವತ್ತೇ ಮಂಡಿಗೆ ಸ್ಪ್ಯಾನರಿನಲ್ಲಿ ಕೊಡುತ್ತಿದ್ದೆ.

ವಾಸನೆ ಬಂದಿತ್ತು. ಗೊರೂರು ದಾಟಿದ ಮೇಲೆ ನಿಧಿ ವೇಲನ್ನು ಮೂಗಿಗೆ ಹಿಡಿದುಕೊಂಡು "ಏನೋ ಸುಟ್ಟಂಗೆ ವಾಸ್ನೆ ಚಿಕ್ಕಪ್ಪ" ಎಂದಳು. ರಸ್ತೆ ಬದಿಯಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು. "ಅದೇ ಕಣವ್ವ" ಎಂದು ಗಾಜು ಏರಿಸಿದೆ. ಗಾಡಿ ಎಡಕ್ಕೆ ಎಳೆಯುತ್ತಿದ್ದದ್ದೂ ನಿಜ. ಆಕ್ಸಿಲರೇಟರ್ ಬಿಟ್ಟರೆ ಸಾಕು, ಹಿಂದಿನಿಂದ ಯಾರೋ ಜಗ್ಗಿದ ಹಾಗೆ ನಿಧಾನವಾಗುತ್ತಿತ್ತು. ನೀನು ಪ್ಯಾಡ್ ಹಾಕಿದ ಮಾರನೇ ದಿನದಿಂದಲೂ ಹಾಗೇ ಇತ್ತು.

ನಿನಗೆ ಹೇಳಿದ್ದೆನಲ್ಲ? ಹಿಂದಿನ ದಿನ ಸಂಜೆ ಗ್ಯಾರೇಜಿನ ಮುಂದೆ ನಿಲ್ಲಿಸಿದೆ. ನೀನು ಒಂದು ಟೆಂಪೋ ಅಡಿ ಮಲಗಿದ್ದೆ, ಕಾಲು ಮಾತ್ರ ಕಾಣುತ್ತಿತ್ತು. "ಶಂಕ್ರಣ್ಣ, ಬ್ರೇಕ್ ಇಡೀತೈತೆ ಕಣಣ್ಣ" ಎಂದು ಕೂಗಿದೆ. "ಇಡೀಲಿ ಬುಡ್ಲಾ, ಇಡೀಲಿ ಅಂತ್ಲೇ ಅಲ್ವಾ ಒಸ ಪ್ಯಾಡ್ ಆಕಿರೋದು" ಎಂದೆ ನೀನು. ಹೊಸದರಲ್ಲಿ ಹಾಗೇ ಇರುತ್ತದೆ, ಸವೆದರೆ ಬಿಡುತ್ತದೆ ಎಂದುಕೊಂಡು ಹೊರಟೆ. ಕೋರ್ಟಿನಲ್ಲೂ ನೀನು ಮರೆಮಾಚಲಿಲ್ಲ, ಬ್ರೇಕ್ ಹಿಡಿಯುತ್ತಿದೆ ಎಂದು ಹಿಂದಿನ ದಿನ ಇವನೇ ನನಗೆ ಹೇಳಿದ್ದ ಎಂದೆ. ನೀನು ಅಷ್ಟು ನನ್ನ ಪರವಾಗಿ ಹೇಳಿದರೂ ಜಡ್ಜ್ ಯಾಕೆ ಗಣನೆಗೆ ತೆಗೆದುಕೊಳ್ಳಲಿಲ್ಲ ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಧರ್ಮೇಂದ್ರ


ಜೈಲು, ಹಾಸನ
15 ಜೂನ್ 2025

ಶಂಕ್ರಣ್ಣ,

ಎರಡು ತಿಂಗಳಾಯಿತು, ನಿನ್ನ ಪತ್ರವಿಲ್ಲ. ನಾನು ಯಾವ ಪ್ರಶ್ನೆಗೆ ಸಿಕ್ಕಿಬಿದ್ದೆ? ನಂಬಿದೆಯೋ ಇಲ್ಲವೋ, ಅಷ್ಟನ್ನು ಒಂದು ಕಾರ್ಡಿನಲ್ಲಿ ಬರೆದರೂ ಸಾಕು.

ಧರ್ಮೇಂದ್ರ


ಅರಕಲಗೂಡು
13 ಜುಲೈ 2025

ಧರ್ಮ,

ನಂಬಿದೆ. ನೀನು ಬ್ರೇಕ್ ಒತ್ತಿದೆ. ನಿನ್ನ ಏಪ್ರಿಲ್ ಪತ್ರ ಓದಿ ಮುಗಿಸಿದಾಗಲೇ ಗೊತ್ತಾಯಿತು. ಬರೆಯಲು ಕೈ ಬರಲಿಲ್ಲ.

ನಮ್ಮ ಕಡೆ ಬ್ರೇಕ್ ಹಿಡಿಯುತ್ತದೆ ಎಂದರೆ ಗಾಡಿ ಚೆನ್ನಾಗಿ ನಿಲ್ಲುತ್ತದೆ ಎಂದೂ ಆಗುತ್ತದೆ, ಕಾಲು ತೆಗೆದರೂ ಬಿಡದೆ ಚಕ್ರವನ್ನು ಕಚ್ಚಿಕೊಂಡೇ ಇದೆ ಎಂದೂ ಆಗುತ್ತದೆ. ಎರಡನೆಯದಕ್ಕೆ ಗ್ಯಾರೇಜಿನವರು ಜಾಮ್ ಎನ್ನುತ್ತೇವೆ. ಆ ಪದ ನಮ್ಮದು, ನಿನ್ನದಲ್ಲ. ಆ ಸಂಜೆಗೆ ನಾಲ್ಕು ದಿನ ಮೊದಲಷ್ಟೇ ನೀನು "ಬ್ರೇಕ್ ಇಡೀತಿಲ್ಲ" ಎಂದು ಬಂದಿದ್ದೆ, ಅದಕ್ಕೇ ಪ್ಯಾಡ್ ಬದಲಾಯಿಸಿದ್ದು. ಆದ್ದರಿಂದ "ಇಡೀತೈತೆ" ಎಂದಾಗ, ಕೆಲಸ ಚೆನ್ನಾಗಿದೆ ಎಂದು ಹೇಳಲು ನಿಲ್ಲಿಸಿದ್ದೀಯ ಎಂದುಕೊಂಡೆ. ಟೆಂಪೋ ಅಡಿ ಮಲಗಿಕೊಂಡೇ ಹೆಮ್ಮೆಪಟ್ಟೆ. ಎದ್ದು ಬಂದು ಚಕ್ರದ ಹತ್ತಿರ ಕೈ ಇಟ್ಟಿದ್ದರೆ ಸಾಕಿತ್ತು, ಸುಡುತ್ತಿತ್ತು. ಮಾರನೇ ದಿನ ಆಯಿಲ್ ಕುದಿಸಿದ್ದು ಅದೇ ಬಿಸಿ. ಕೋರ್ಟಿನಲ್ಲಿ ನಿನ್ನ ಪರವಾಗಿ ಹೇಳಿದೆ ಎಂದುಕೊಂಡಿದ್ದೀಯಲ್ಲ, ಅದು ನಿನ್ನ ಪರವಲ್ಲ ಧರ್ಮ. ಬ್ರೇಕು ಸರಿಯಿದೆ ಎಂದು ನೀನೇ ಒಪ್ಪಿಕೊಂಡಿದ್ದೆ ಎಂದು ಹೇಳಿ ನಿನ್ನನ್ನು ಮುಗಿಸಲು ಹೇಳಿದ್ದು. ಎಲ್ಲರಿಗೂ ಹಾಗೇ ಅರ್ಥವಾಯಿತು, ನಿನ್ನೊಬ್ಬನನ್ನು ಬಿಟ್ಟು.

ಇನ್ನೂ ಇದೆ. ಒತ್ತಿದ ಮೇಲೆ ಪ್ಯಾಡ್ ಹಿಂದಕ್ಕೆ ಸರಿಯಲು ಎರಡು ಪಿನ್ ಇರುತ್ತವೆ. ಎಡಗಡೆ ಚಕ್ರದ ಒಂದು ಪಿನ್ ಬಿಗಿಯಾಗಿತ್ತು. ಅದನ್ನು ಬಿಚ್ಚಿ ತುಕ್ಕು ಉಜ್ಜಿ ಗ್ರೀಸ್ ಹಾಕಬೇಕಿತ್ತು. ನಿನಗೆ ಬಾಡಿಗೆಗೆ ಹೊತ್ತಾಗುತ್ತಿತ್ತು, ನನಗೆ ಬೇರೆ ಗಾಡಿ ಕಾಯುತ್ತಿತ್ತು. ಓಡುತ್ತಾ ಓಡುತ್ತಾ ಸರಿಹೋಗುತ್ತದೆ ಎಂದು ಸುತ್ತಿಗೆಯಲ್ಲಿ ಎರಡು ತಟ್ಟು ತಟ್ಟಿ ಕೂರಿಸಿದೆ. ಬೇರೆಯವರು ಮಾಡಿದರೆ ಬೈಯುವ ಕೆಲಸವನ್ನೇ ನಾನು ಮಾಡಿದೆ.

ತೇಜಶ್ರೀ ಸ್ಟೇಷನ್ನಿನಿಂದ ಕಾರು ಬಿಡಿಸಿಕೊಂಡು ಬಂದಾಗ, ಅದು ಈ ಊರಿನ ರಸ್ತೆಯಲ್ಲಿ ಕಾಣಬಾರದು ಎಂದು ಕೂಗಾಡಿದವನೂ ನಾನೇ. ಪಾಪ, ನಿನ್ನ ಹೆಂಡತಿ ಎದುರಾಡದೆ ಗುಜರಿಗೆ ಕೊಟ್ಟು ದಂಡಿಗನಹಳ್ಳಿಗೆ ತಾಯಿಯ ಹತ್ತಿರ ಹೋದಳು. ಮೊನ್ನೆ ಹೊಳೆನರಸೀಪುರದ ಗುಜರಿಯವನನ್ನು ಹುಡುಕಿಕೊಂಡು ಹೋಗಿದ್ದೆ. "ಆ ಕಾರಾ? ಯಾವತ್ತೋ ಕಟ್ ಆಗಿ ಲೋಡ್ ಓಯ್ತಲ್ಲ ಸಾ" ಎಂದ. ಆ ಪಿನ್ ಒಂದು ಸಿಕ್ಕಿದ್ದರೆ ಯಾರಿಗಾದರೂ ತೋರಿಸಬಹುದಿತ್ತು. ಈಗಿರುವುದು ನನ್ನ ಬಾಯಿಮಾತು, ಆ ಬಾಯಿಯೇ ನಿನ್ನನ್ನು ಒಳಗೆ ಕಳಿಸಿದ್ದು.

ನನ್ನ ಮಗಳನ್ನು ಕೊಂದವನು ನಾನು. ಚನ್ನರಾಯಪಟ್ಟಣದಲ್ಲಿ ರಜನೀಶ್ ಎಂಬ ವಕೀಲರಿದ್ದಾರೆ, ಹೋಗಿ ಕೇಳುತ್ತೇನೆ. ಆಮೇಲೆ ರೇವಮ್ಮನಿಗೆ ಹೇಳಬೇಕು.

ಗೌರೀಶಂಕರ


ಜೈಲು, ಹಾಸನ
27 ಜುಲೈ 2025

ಶಂಕ್ರಣ್ಣ,

"ನಂಬಿದೆ" ಎಂಬಲ್ಲಿಗೆ ನಿಲ್ಲಿಸಿ ಅದನ್ನೇ ಓದುತ್ತಾ ಕೂತೆ. ಮುಂದಿನದನ್ನು ಓದಿದ ಮೇಲೆ, ನೀನು ನಂಬದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಸಿಟ್ಟು ಬಂತು, ಬರಲಿಲ್ಲ ಎನ್ನುವುದಿಲ್ಲ. ಎರಡು ದಿನ ನಿನ್ನ ಕಾಗದವನ್ನು ಮತ್ತೆ ಮುಟ್ಟಲಿಲ್ಲ. ನಿನ್ನ ಮೇಲೆ ಸಿಟ್ಟು, ಜಾಮ್ ಎಂಬ ಪದ ಬಾಯಿಗೆ ಬಾರದ ನನ್ನ ಮೇಲೂ ಸಿಟ್ಟು. ಕಾರಿನ ಬಾಗಿಲು ತೆಗೆದು ಇಳಿದು ನಿನ್ನ ಕಾಲು ಹಿಡಿದು ಎಳೆದು ತೋರಿಸಬೇಕಿತ್ತು. ಮೂರನೇ ದಿನ ಸಿಟ್ಟು ಇಳಿಯಿತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಅತ್ತಿಗೆಗೆ ಹೇಳಬೇಡ. ನಿನಗೆ ಕೈ ಮುಗಿಯುತ್ತೇನೆ. ಅವರಿಗೆ ಬೈಯಲು ನಾನಿದ್ದೇನೆ, ಅದೂ ಕಣ್ಣಿಗೆ ಕಾಣದಷ್ಟು ದೂರದಲ್ಲಿ. ನಿನಗಾದರೆ ಅವರು ದಿನಾ ಬಡಿಸಬೇಕು. ಮಗಳು ಹೋದದ್ದು ಯಾರಿಂದ ಎಂದು ತಿಳಿದು, ಅವನ ತಟ್ಟೆಗೆ ಅವರು ಹೇಗೆ ಬಡಿಸುತ್ತಾರೆ?

ಧರ್ಮೇಂದ್ರ


ಅರಕಲಗೂಡು
31 ಆಗಸ್ಟ್ 2025

ಧರ್ಮ,

ವಕೀಲರನ್ನು ನೋಡಿದೆ. ಅಪೀಲಿನ ಗಡುವು ಮುಗಿದಿದೆಯಂತೆ. ತಡವಾದದ್ದನ್ನು ಮನ್ನಿಸಿ ಎಂದು ಕೇಳಬಹುದು, ಆದರೆ ಕೇಳಿ ಏನು ತೋರಿಸುತ್ತೀರಿ ಎಂದರು. ಗಾಡಿ ಇಲ್ಲ, ಪಿನ್ ಇಲ್ಲ. "ಹಿಡಿತದೆ ಅನ್ನೋದಕ್ಕೆ ಎರಡು ಅರ್ಥ ಅಂತ ವಾದ ಮಾಡಕ್ಕಾಗ್ತದಾ ಯಜಮಾನ್ರೇ? ಆವತ್ತು ಪ್ರಮಾಣ ಮಾಡಿ ಒಂದು ಹೇಳಿದ್ರಿ, ಇವತ್ತು ಇನ್ನೊಂದು ಹೇಳ್ತೀರಿ. ಮಗಳು ಹೋದ ದುಃಖಕ್ಕೆ ಹಿಂಗಾಗಿದೆ ಅಂತಾರೆ" ಎಂದರು. ಒಳ್ಳೆಯ ಮನುಷ್ಯ. ಕಾಫಿ ತರಿಸಿಕೊಟ್ಟು, ಇದೆಲ್ಲ ನಡೆದು ಮುಗಿಯುವ ಹೊತ್ತಿಗೆ ಅವನೇ ಹೊರಗೆ ಬಂದಿರುತ್ತಾನೆ ಎಂದು ಸಮಾಧಾನ ಹೇಳಿದರು.

ರೇವಮ್ಮನಿಗೆ ಹೇಳಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನಿಧಿಯ ಫೋಟೋ ಒರೆಸುತ್ತಾಳೆ. ಒರೆಸಿ, "ಬ್ರೇಕ್ ಒತ್ತದ ಆ ಕಾಲು ಸೇದೋಗ" ಎನ್ನುತ್ತಾಳೆ. ಮೂರು ವರ್ಷದಿಂದ ದಿನಾ ಒಂದೇ ಮಾತು. ಮೊದಲು ನಾನೂ ಹೂಂಗುಟ್ಟುತ್ತಿದ್ದೆ. ಈಗ ಹೂಂ ಎನ್ನದಿದ್ದರೆ ನನ್ನ ಮುಖ ನೋಡುತ್ತಾಳೆ, ಅದಕ್ಕೆ ಈಗಲೂ ಹೂಂ ಎನ್ನುತ್ತೇನೆ. ಬ್ರೇಕಿನ ಕೆಲಸ ಬಂದರೆ ಬೇರೆ ಕಡೆ ಕಳಿಸುತ್ತೇನೆ. ಗ್ಯಾರೇಜಿನ ಬಾಗಿಲು ತೆಗೆಯದ ದಿನವೇ ಹೆಚ್ಚು.

ನಿನ್ನ ಮಾತು ನಡೆಸಲು ನನ್ನಿಂದ ಆಗುವುದಿಲ್ಲ ಧರ್ಮ. ಒಂದಲ್ಲ ಒಂದು ದಿನ ಹೇಳಿಯೇಬಿಡುತ್ತೇನೆ.

ಗೌರೀಶಂಕರ


ಅರಕಲಗೂಡು
21 ಸೆಪ್ಟೆಂಬರ್ 2025

ಧರ್ಮೇಂದ್ರನಿಗೆ ರೇವಮ್ಮ ಬರೆಯುವುದು.

ನಿನಗೆ ಬರೆಯುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ಬಟ್ಟೆ ಒಗೆಯುವಾಗ ಇವರ ಜೇಬಿನಲ್ಲಿ ಜೈಲಿನ ಮೊಹರಿದ್ದ ಕವರು ಸಿಕ್ಕಿತು. ಒಳಗಿನದನ್ನು ನಾನು ಓದಲಿಲ್ಲ. ನಿನ್ನ ಅಕ್ಷರ ನೋಡುವುದೂ ನನಗೆ ಬೇಡ.

ಏನು ಬರೆದು ಇವರ ತಲೆ ಕೆಡಿಸಿದೆ? ಊಟ ಸೇರುತ್ತಿಲ್ಲ, ಗ್ಯಾರೇಜು ತೆಗೆಯುತ್ತಿಲ್ಲ. ಗುಜರಿ ಅಂಗಡಿ ಅಲೆಯುತ್ತಾರೆ. ನಿನ್ನ ಪರವಾಗಿ ವಕೀಲರನ್ನು ನೋಡಿ ಬಂದರು ಎಂದು ಪಕ್ಕದ ಮನೆ ದೇವಯ್ಯ ಹೇಳಿದಾಗ, ನಾನು ಅವನಿಗೇ ಬೈದು ಕಳಿಸಿದೆ. ವಿಚಾರಿಸಿದರೆ ನಿಜವಂತೆ. ಮೊನ್ನೆ ಊಟಕ್ಕೆ ಕೂತವರು, "ರೇವಾ, ನಿಂಗೊಂದ್ ಮಾತು ಏಳ್ಬೇಕು" ಎಂದು ಶುರು ಮಾಡಿ ಹೇಳಲಾಗದೆ ಅತ್ತುಬಿಟ್ಟರು. ಮಗಳ ಹೆಣ ಮನೆಗೆ ಬಂದಾಗಲೂ ಇವರು ಅಷ್ಟು ಅತ್ತಿರಲಿಲ್ಲ.

ನನಗೆ ಉಳಿದಿರುವುದು ಇವರೊಬ್ಬರು. ಇವರನ್ನೂ ತೆಗೆದುಕೊಳ್ಳಬೇಡ. ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಆವತ್ತು ನೀನು ಬ್ರೇಕ್ ಒತ್ತಿದೆಯಾ, ಇಲ್ಲವಾ? ನಿಧಿಯ ಮೇಲೆ ಆಣೆಯಿಟ್ಟು ನಿಜ ಬರೆ. ಏನು ಬರೆದರೂ ನಂಬುತ್ತೇನೆ. ಆಮೇಲೆ ನಮ್ಮನ್ನು ಬಿಟ್ಟುಬಿಡು.

ರೇವಮ್ಮ


ಜೈಲು, ಹಾಸನ
5 ಅಕ್ಟೋಬರ್ 2025

ಅತ್ತಿಗೆ,

ನಿಮ್ಮನ್ನು ಹಾಗೆ ಕರೆಯುವ ಮುಖ ನನಗಿಲ್ಲ. ಬೇರೆ ಹೇಗೆ ಕರೆಯಬೇಕು ಎಂದೂ ಗೊತ್ತಿಲ್ಲ.

ಆವತ್ತು ನಾನು ಫೋನ್ ನೋಡುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಲಾರಿ ಎದುರಿಗಿತ್ತು. ಗಾಡಿ ಸರಿಯಾಗಿತ್ತು, ಅಣ್ಣ ಮಾಡಿದ ಕೆಲಸದಲ್ಲಿ ಯಾವ ತಪ್ಪೂ ಇರಲಿಲ್ಲ. ಇಲ್ಲಿ ಕೂತು ಕೂತು, ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವ ಬುದ್ಧಿ ಬಂತು. ವಾಸನೆ ಬಂತು, ಪೆಡಲ್ ಹೋಯಿತು, ಮೊದಲೇ ಹೇಳಿದ್ದೆ ಎಂದೆಲ್ಲ ಕಟ್ಟಿ ಬರೆದೆ. ಅಣ್ಣ ಕೆಲಸ ಬಲ್ಲವನು, ಹೊಂದಿಸಿಕೊಂಡು ನಂಬಿಬಿಟ್ಟ. ಮುಂದೆ ಯಾವತ್ತಾದರೂ ಅವನು ತನ್ನಿಂದ ತಪ್ಪಾಯಿತು ಎಂದು ನಿಮ್ಮ ಹತ್ತಿರ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ನಾನು ಅವನ ತಲೆಗೆ ತುಂಬಿದ್ದು. ಈ ಕಾಗದ ತೋರಿಸಿ.

ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳಿ. ಗ್ಯಾರೇಜು ತೆಗೆಯಲು ಹೇಳಿ. ಇನ್ನು ನನ್ನಿಂದ ಕಾಗದ ಬರುವುದಿಲ್ಲ, ಬಿಡುಗಡೆಯಾದ ಮೇಲೆ ನಾನು ಆ ಕಡೆ ಬರುವುದೂ ಇಲ್ಲ.

ನಿಧಿಯ ಮೇಲೆ ಆಣೆ, ನಾನು ಬ್ರೇಕ್ ಒತ್ತಲಿಲ್ಲ.

ಧರ್ಮೇಂದ್ರ